‘ಬೇಡ’ ಅಂದರೆ ಯಾರು ಕೇಳಿಸಿಕೊಳ್ಳುತ್ತಾರೆ? ಎಥಿಕ್ಸ್ ಕಮಿಟಿಗಳಿಗೆ ಒಂದು ಬಹಿರಂಗ ಪತ್ರ

ಎಥಿಕ್ಸ್ ಕಮಿಟಿಗಳ ಸದಸ್ಯರಿಗೆ, ಸಂಶೋಧಕರಿಗೆ ಮತ್ತು ಸಂಶೋಧನೆಯ ನಿಯಮ ಬರೆಯುವವರಿಗೆ,

ನಮಸ್ಕಾರ.

ನಾನು ಒಂದು ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಮನುಷ್ಯರ ಮೇಲಿನ ಸಂಶೋಧನೆಗೆ ಅನುಮತಿ ಕೊಡಬಹುದಾ ಅಂತ ನೋಡುವ ಸಮಿತಿಯಲ್ಲಿ, ಸದಸ್ಯೆ. ವೈದ್ಯಳಲ್ಲ, ವಿಜ್ಞಾನಿಯೂ ಅಲ್ಲ. ಸಾಮಾನ್ಯ ಜನರ ಕಣ್ಣಿನಿಂದಲೂ ಅರ್ಜಿಗಳನ್ನು ಯಾರಾದರೂ ಓದಲಿ ಅಂತ ಇಂಥ ಸಮಿತಿಗಳಲ್ಲಿ ನಮ್ಮಂಥವರಿಗೆ ಒಂದು ಕುರ್ಚಿ ಇಟ್ಟಿರುತ್ತಾರೆ. ಡಿಮೆನ್ಷಿಯಾ (ಮರೆವಿನ ಕಾಯಿಲೆ), ತಲೆಗೆ ಬಿದ್ದ ಪೆಟ್ಟು, ತೀವ್ರ ಮಾನಸಿಕ ಕಾಯಿಲೆ, ಬೌದ್ಧಿಕ ಅಂಗವೈಕಲ್ಯ ಇರುವವರ ಮೇಲಿನ ಅಧ್ಯಯನಗಳು ಬಂದಾಗ ಸಭೆಯಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅವರ ಪರವಾಗಿ ಸಹಿ ಹಾಕುವವರು ಯಾರು? ಹೆಂಡತಿಯಾ, ಮಗನಾ, ಕೋರ್ಟ್ ನೇಮಿಸಿದ ಪೋಷಕರಾ? ಸಾಕ್ಷಿ ಬೇಕಾ? ಒಪ್ಪಿಗೆ ಪತ್ರದ ಭಾಷೆ ಸರಳವಾಗಿದೆಯಾ? ಸಮಯವೆಲ್ಲ ಇದಕ್ಕೇ ಹೋಗುತ್ತದೆ. ಸಹಿಯ ಪ್ರಶ್ನೆ ಬಗೆಹರಿಯಿತು ಅಂದರೆ ಮುಂದಿನ ಅರ್ಜಿ ಎತ್ತಿಕೊಳ್ಳುತ್ತೇವೆ.

ಸಹಿ ಆದ ಮೇಲೆ ಆ ವ್ಯಕ್ತಿ ಬೇಡ ಅಂದರೆ? ಅದಕ್ಕೆ ಅರ್ಜಿಗಳಲ್ಲಿ ಸಿಗುವ ಉತ್ತರ ಒಂದೇ ಸಾಲು. ‘ಭಾಗವಹಿಸುವವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.’ ಮಾತು ನಿಂತುಹೋದವರು ಹೇಗೆ ಹಿಂದೆ ಸರಿಯುತ್ತಾರೆ? ತಾನು ಒಂದು ಅಧ್ಯಯನದಲ್ಲಿ ಇದ್ದೇನೆ ಅನ್ನುವುದೇ ಮರೆತುಹೋದವರು? ಆ ಒಂದು ಸಾಲಿನ ಜಾಗದಲ್ಲಿ ಒಂದು ಪೂರ್ತಿ ಪುಟ ಬರಬೇಕು ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಈ ವ್ಯಕ್ತಿ ಬೇಡ ಅನ್ನುವುದನ್ನು ಹೇಗೆ ಗುರುತಿಸುತ್ತೀರಿ, ಯಾರು ಗುರುತಿಸುತ್ತಾರೆ, ಗುರುತಿಸಿದ ಮೇಲೆ ಏನು ಮಾಡುತ್ತೀರಿ ಅನ್ನುವ ಪುಟ. ಅದಿಲ್ಲದ ಅರ್ಜಿಗೆ ಅನುಮತಿ ಕೊಡಬೇಡಿ.

ಇದಕ್ಕೂ ಮೊದಲು ಒಂದು ಗೊಂದಲ ಬಿಡಿಸಬೇಕು. ಕಾಯಿಲೆಯ ಹೆಸರು ನೋಡಿ ‘ಇವರಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲ’ ಅಂತ ಹೇಳಲು ಆಗುವುದಿಲ್ಲ. ಆ ಶಕ್ತಿಯನ್ನು ನೋಡುವುದು ಒಂದೊಂದು ತೀರ್ಮಾನಕ್ಕೂ ಬೇರೆ ಬೇರೆಯಾಗಿ, ಆಯಾ ಹೊತ್ತಿಗೆ ತಕ್ಕ ಹಾಗೆ. ಹೇಳಿದ್ದು ಅರ್ಥವಾಯಿತಾ, ಇದು ತನ್ನದೇ ವಿಷಯ ಅಂತ ಮನಸ್ಸಿಗೆ ಬಂತಾ, ಒಳ್ಳೆಯದು ಕೆಟ್ಟದ್ದನ್ನು ತೂಗಿ ನೋಡಬಲ್ಲರಾ, ಕೊನೆಗೆ ಒಂದು ಆಯ್ಕೆಯನ್ನು ಹೇಳಬಲ್ಲರಾ. ಪಾಲ್ ಆಪಲ್‌ಬಾಮ್ ಮತ್ತು ಥಾಮಸ್ ಗ್ರಿಸ್ಸೊ ರೂಪಿಸಿದ ಮ್ಯಾಕ್‌ಕ್ಯಾಟ್-ಸಿಆರ್ ಅನ್ನುವ ಸಂದರ್ಶನ ಪದ್ಧತಿ ನೋಡುವುದು ಈ ನಾಲ್ಕನ್ನೇ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರು ಮೊದಲ ಸಲ ಉಳಿದವರಿಗಿಂತ ಹಿಂದೆ ಬಿದ್ದರು. ತಾಳ್ಮೆಯಿಂದ ಮತ್ತೆ ವಿವರಿಸಿ ಹೇಳಿದ ಮೇಲೆ ಹೆಚ್ಚುಕಡಿಮೆ ಸಮಕ್ಕೆ ಬಂದರು. ಅಂದರೆ ಕೊರತೆ ಎಷ್ಟೋ ಸಲ ನಾವು ವಿವರಿಸುವ ರೀತಿಯಲ್ಲಿ ಇರುತ್ತದೆ. ಡಿಲೀರಿಯಂ (ಕಾಯಿಲೆಯಿಂದ ತಟ್ಟನೆ ಬರುವ ಬುದ್ಧಿಯ ಗೊಂದಲ) ಇರುವವರು ಬೆಳಿಗ್ಗೆ ಸರಿಯಾಗಿ ಮಾತಾಡಿ ಸಂಜೆಗೆ ಗೊಂದಲಕ್ಕೆ ಬೀಳುತ್ತಾರೆ. ಹೀಗಿರುವಾಗ ಸಂಜೆ ಐದಕ್ಕೆ ಹೋಗಿ, ಕನ್ನಡಕ ಕೊಡದೆ, ಕಿವಿಯ ಮೆಷೀನ್ ಹಾಕಿಸದೆ, ಹತ್ತು ಪುಟದ ಫಾರ್ಮ್ ಓದಿ ‘ಅರ್ಥವಾಗಲಿಲ್ಲ’ ಅಂತ ಬರೆದುಕೊಂಡು ಬಂದರೆ ಅದು ಪರೀಕ್ಷೆಯೇ ಅಲ್ಲ.

ಇಂಥವರನ್ನು ಸಂಶೋಧನೆಯಿಂದಲೇ ದೂರ ಇಟ್ಟರೆ ತೊಂದರೆ ತಪ್ಪುತ್ತದಲ್ಲ ಅಂತ ಕೆಲವು ಸದಸ್ಯರು ಹೇಳುವುದನ್ನು ಕೇಳಿದ್ದೇನೆ. ಅವರ ಕಾಳಜಿ ನಿಜವಾದದ್ದು. ಆದರೆ ನಾನು ಅದನ್ನು ಒಪ್ಪುವುದಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಡಿಮೆನ್ಷಿಯಾ ಇರುವ ಹಿರಿಯರು ಕೂಗಾಡಿದರೆ, ಹೊಡೆಯಲು ಬಂದರೆ, ಅವರನ್ನು ಶಾಂತಗೊಳಿಸಲು ಮನೋರೋಗಕ್ಕೆ ಕೊಡುವ ಆ್ಯಂಟಿಸೈಕೋಟಿಕ್ ಮಾತ್ರೆಗಳನ್ನು ವರ್ಷಗಟ್ಟಲೆ ಕೊಡುತ್ತಿದ್ದರು. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇಂಥವರ ಮೇಲೆಯೇ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವಿನ ಅಪಾಯ, ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ 1.6ರಿಂದ 1.7 ಪಟ್ಟು ಇತ್ತು. ಸುಮಾರು ಹತ್ತು ವಾರಗಳ ಪ್ರಯೋಗದಲ್ಲಿ ಸತ್ತವರು ಒಂದು ಕಡೆ ಶೇಕಡಾ 4.5, ಇನ್ನೊಂದು ಕಡೆ ಶೇಕಡಾ 2.6. ಆ ಪ್ರಯೋಗಗಳಲ್ಲಿ ಡಿಮೆನ್ಷಿಯಾ ಇರುವವರು ಇರದೇ ಹೋಗಿದ್ದರೆ ಈ ಸಂಗತಿ ಹೊರಗೆ ಬರುತ್ತಲೇ ಇರಲಿಲ್ಲ. ಮಾತ್ರೆ ಮಾತ್ರ ಹಾಗೇ ಮುಂದುವರಿಯುತ್ತಿತ್ತು.

ಇನ್ನೊಂದು, ತಲೆಗೆ ಪೆಟ್ಟು ಬಿದ್ದವರಿಗೆ ಕೊಡುತ್ತಿದ್ದ ಸ್ಟೀರಾಯ್ಡ್. ಮಿದುಳಿನ ಊತ ಇಳಿಯುತ್ತದೆ ಅನ್ನುವ ನಂಬಿಕೆಯಿಂದ ದಶಕಗಳ ಕಾಲ ಕೊಟ್ಟರು. ಕ್ರ್ಯಾಶ್ ಅನ್ನುವ ಪ್ರಯೋಗ 49 ದೇಶಗಳ ಆಸ್ಪತ್ರೆಗಳಲ್ಲಿ 10,008 ಜನರನ್ನು ಸೇರಿಸಿಕೊಂಡಿತು. ಪೆಟ್ಟು ಬಿದ್ದ ಎಂಟು ಗಂಟೆಯೊಳಗೆ, ಪ್ರಜ್ಞೆ ಮಂಕಾದವರು ಅಥವಾ ಪೂರ್ತಿ ತಪ್ಪಿದವರು. ಅಂಥವರು ಕೂತು ಫಾರ್ಮ್ ಓದಿ ಸಹಿ ಹಾಕುವ ಸ್ಥಿತಿಯಲ್ಲಿ ಇರುತ್ತಾರಾ? 2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 21.1 ಜನ ಸತ್ತಿದ್ದರು, ಪಡೆಯದವರಲ್ಲಿ ಶೇಕಡಾ 17.9. ನೂರಕ್ಕೆ ಮೂವರು ಹೆಚ್ಚು. ಅಷ್ಟು ವರ್ಷ ಆ ಔಷಧ ಕೊಟ್ಟವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು.

ಹೊರಗಿಡುವುದರ ಬೆಲೆಯನ್ನು ಡೌನ್ ಸಿಂಡ್ರೋಮ್ ಇರುವವರು ಇವತ್ತಿಗೂ ಕೊಡುತ್ತಿದ್ದಾರೆ. ನಲವತ್ತು ವಯಸ್ಸು ದಾಟುವ ಹೊತ್ತಿಗೆ ಅವರಲ್ಲಿ ಹೆಚ್ಚುಕಡಿಮೆ ಎಲ್ಲರ ಮಿದುಳಿನಲ್ಲೂ ಡಿಮೆನ್ಷಿಯಾ ತರುವ ಆಲ್ಝೈಮರ್ ಕಾಯಿಲೆಯ ಬದಲಾವಣೆಗಳು ಕಾಣುತ್ತವೆ. ಆದರೆ ಆ ಕಾಯಿಲೆಗೆ ಬಂದ ಹೊಸ ಔಷಧಗಳ ದೊಡ್ಡ ಪ್ರಯೋಗಗಳಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಈಗ ಆ ಔಷಧ ಅವರಿಗೆ ಕೊಡಬಹುದಾ ಅಂತ ಮನೆಯವರು ಕೇಳಿದರೆ ವೈದ್ಯರ ಹತ್ತಿರ ಗಟ್ಟಿ ಉತ್ತರ ಇಲ್ಲ.

ಹಾಗಾಗಿ ಬಾಗಿಲು ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಒಳಗೆ ಬಂದವರಿಗೆ ಹೊರಗೆ ಹೋಗುವ ದಾರಿ ನಿಜವಾಗಿ ಇರಲಿ ಅಂತ ಕೇಳುತ್ತಿದ್ದೇನೆ.

ಆ ದಾರಿ ಇಲ್ಲದಿದ್ದಾಗ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತಿರುವ ಚರಿತ್ರೆ. 1963ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಜೂಯಿಷ್ ಕ್ರಾನಿಕ್ ಡಿಸೀಸ್ ಆಸ್ಪತ್ರೆಯಲ್ಲಿ 22 ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. ಎಲ್ಲರೂ ಕಾಯಿಲೆಯಿಂದ ಕುಗ್ಗಿದವರು. ಕೆಲವರಿಗೆ ಸರಿಯಾಗಿ ತೀರ್ಮಾನಿಸುವ ಸ್ಥಿತಿಯೂ ಇರಲಿಲ್ಲ. ಚುಚ್ಚುತ್ತಿರುವುದು ಕ್ಯಾನ್ಸರ್ ಕೋಶ ಅಂತ ಯಾರಿಗೂ ಹೇಳಲಿಲ್ಲ. ಮೂವರು ಕಿರಿಯ ವೈದ್ಯರು ಈ ಕೆಲಸ ಮಾಡಲು ಒಪ್ಪದೆ ರಾಜೀನಾಮೆ ಕೊಟ್ಟರು. ಅಲ್ಲಿ ‘ಬೇಡ’ ಅಂದವರು ಆ ಮೂವರೇ, ರೋಗಿಗಳಿಗೆ ಆ ಅವಕಾಶವೂ ಸಿಗಲಿಲ್ಲ.

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿದ್ದ, ನ್ಯೂಯಾರ್ಕ್‌ನ ವಿಲ್ಲೋಬ್ರೂಕ್ ವಸತಿ ಶಾಲೆಯಲ್ಲಿ, 1956ರಿಂದ ಶುರುವಾಗಿ ವರ್ಷಾನುಗಟ್ಟಲೆ, ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಸೋಂಕು ತಗಲಿಸಿ ಅಧ್ಯಯನ ಮಾಡಿದರು. ಅಲ್ಲಿ ಸಹಿ ಇತ್ತು. ಅಪ್ಪ ಅಮ್ಮಂದಿರೇ ಹಾಕಿದ್ದರು. ಆದರೆ 1964ರಲ್ಲಿ ಜಾಗವಿಲ್ಲ ಅಂತ ಶಾಲೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ, ಹೆಪಟೈಟಿಸ್ ವಿಭಾಗದಲ್ಲಿ ಮಾತ್ರ ಜಾಗ ಇತ್ತು. ಮಗುವನ್ನು ನೋಡಿಕೊಳ್ಳಲು ಬೇರೆ ದಾರಿ ಇಲ್ಲದ ತಾಯಿಯ ಮುಂದೆ ಆ ಫಾರ್ಮ್ ಇಟ್ಟರೆ ಅವಳು ಏನು ಮಾಡಬೇಕಿತ್ತು?

ಮನೆಯವರು ಸಹಿ ಹಾಕುವುದು ಬೇಡ ಅಂತ ನಾನು ಹೇಳುವುದಿಲ್ಲ. ಪ್ರತಿನಿಧಿ ಬೇಕು. ಆ ವ್ಯಕ್ತಿಯ ಸ್ವಭಾವ, ಹಳೆಯ ಮಾತು, ಭಯ, ಹಟ ಎಲ್ಲ ಗೊತ್ತಿರುವುದು ಜೊತೆಗಿದ್ದವರಿಗೇ. ಆದರೆ ಹತ್ತಿರದವರ ಅಂದಾಜಿಗೂ ಒಂದು ಮಿತಿ ಇದೆ. ರೋಗಿಗೆ ಯಾವ ಚಿಕಿತ್ಸೆ ಬೇಕಾಗಿತ್ತು ಅಂತ ಹತ್ತಿರದವರು ಎಷ್ಟು ಸರಿಯಾಗಿ ಹೇಳುತ್ತಾರೆ ಅನ್ನುವ ಬಗ್ಗೆ 16 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆ 2006ರಲ್ಲಿ ಬಂತು. ಅವರು ಸರಿಯಾಗಿ ಹೇಳಿದ್ದು ಶೇಕಡಾ 68ರಷ್ಟು ಸಲ. ಮೂರರಲ್ಲಿ ಒಂದು ಸಲ ತಪ್ಪು. ಪ್ರತಿನಿಧಿಯನ್ನು ರೋಗಿಯೇ ಆರಿಸಿಕೊಂಡಿದ್ದರೂ, ಮೊದಲೇ ಕೂತು ಮಾತಾಡಿಕೊಂಡಿದ್ದರೂ ಈ ಲೆಕ್ಕ ಉತ್ತಮವಾಗಲಿಲ್ಲ. ಇದು ಚಿಕಿತ್ಸೆಯ ವಿಷಯದಲ್ಲಿ. ಸಂಶೋಧನೆಯ ಬಗ್ಗೆ ಹೆಚ್ಚಿನ ಮನೆಗಳಲ್ಲಿ ಒಂದು ಮಾತೂ ಆಡಿರುವುದಿಲ್ಲ.

ಒಂದು ಅಧ್ಯಯನ ಹೇಗೆ ನಡೆಯುತ್ತಿದೆ ಅಂತ ನೋಡಲು ಸಮಿತಿಯ ಪರವಾಗಿ ಹೋಗಿದ್ದೆ. ಮರೆವಿನ ಕಾಯಿಲೆ ಇರುವ ಒಬ್ಬ ಅಜ್ಜಿ, ಜೊತೆಗೆ ಮಗಳು. ಫಾರ್ಮಿಗೆ ಸಹಿ ಹಾಕಿದ್ದು ಮಗಳು. ಆ ದಿನ ರಕ್ತದ ಸ್ಯಾಂಪಲ್ ಕೊಡಬೇಕಿತ್ತು. ನರ್ಸ್ ಅಜ್ಜಿಯ ತೋಳಿಗೆ ಪಟ್ಟಿ ಕಟ್ಟಿದರು. ಅಜ್ಜಿ ಏನೂ ಮಾತಾಡಲಿಲ್ಲ. ಇನ್ನೊಂದು ಕೈಯಿಂದ ತೋಳಿನ ಬಟ್ಟೆಯನ್ನು ಕೆಳಕ್ಕೆ ಎಳೆದುಕೊಂಡರು. ಮಗಳು ‘ಒಂದೇ ನಿಮಿಷ ಅಮ್ಮ’ ಅಂತ ಮೇಲಕ್ಕೆ ಸರಿಸಿದಳು. ಅಜ್ಜಿ ಮತ್ತೆ ಎಳೆದುಕೊಂಡರು. ಮೂರನೇ ಸಲ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಮುಖ ಗೋಡೆಯ ಕಡೆ ತಿರುಗಿಸಿದರು. ನರ್ಸ್ ಪಟ್ಟಿ ಬಿಚ್ಚಿದರು. ‘ಇವತ್ತು ಬೇಡ ಬಿಡಿ ಅಮ್ಮ’ ಅಂದರು. ಆಮೇಲೆ ಕಂಪ್ಯೂಟರಿನಲ್ಲಿ ಸ್ಯಾಂಪಲ್ ಯಾಕೆ ಸಿಗಲಿಲ್ಲ ಅಂತ ತುಂಬಬೇಕಿತ್ತು. ಅಲ್ಲಿ ಇದ್ದ ಆಯ್ಕೆಗಳು ಎರಡು. ಭಾಗವಹಿಸುವವರು ಬರಲಿಲ್ಲ ಅಥವಾ ತಾಂತ್ರಿಕ ಕಾರಣ. ಬೇಡ ಅಂದರು ಅಂತ ಬರೆಯಲು ಜಾಗವೇ ಇರಲಿಲ್ಲ. ನರ್ಸ್ ಒಂದು ಕ್ಷಣ ನನ್ನ ಕಡೆ ನೋಡಿ ‘ತಾಂತ್ರಿಕ ಕಾರಣ’ ಒತ್ತಿದರು.

ಆ ನರ್ಸ್ ಸರಿಯಾದ ಕೆಲಸ ಮಾಡಿದರು. ಆದರೆ ಅದು ಅವರ ಒಳ್ಳೆಯತನ ಅಷ್ಟೇ. ಅವರ ಜಾಗದಲ್ಲಿ ಗುರಿ ಮುಟ್ಟುವ ಅವಸರದಲ್ಲಿರುವ ಇನ್ನೊಬ್ಬರು ಇದ್ದಿದ್ದರೆ ಸೂಜಿ ಒಳಗೆ ಹೋಗುತ್ತಿತ್ತು. ನಾವು ಅನುಮತಿ ಕೊಟ್ಟ ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಪ್ರಕಾರ ಅದೂ ಸರಿಯೇ ಆಗುತ್ತಿತ್ತು. ನನ್ನನ್ನು ಕಾಡುವುದು ಇದು.

ಚಿಕಿತ್ಸೆಗೂ ಸಂಶೋಧನೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ನ್ಯುಮೋನಿಯಾ ಆದ ಅಜ್ಜಿ ಇಂಜೆಕ್ಷನ್ ಬೇಡ ಅಂದರೆ, ಅವರ ಜೀವ ಉಳಿಸಲು ಒಮ್ಮೊಮ್ಮೆ ಅವರ ಮಾತು ಮೀರಬೇಕಾಗುತ್ತದೆ. ಅದು ಅವರಿಗಾಗಿ. ಅಧ್ಯಯನಕ್ಕಾಗಿ ತೆಗೆಯುವ ಸ್ಯಾಂಪಲ್‌ನಿಂದ ಅವರಿಗೆ ಏನೂ ಸಿಗುವುದಿಲ್ಲ. ಸಿಗುವುದು ಮುಂದಿನವರಿಗೆ. ಮುಂದಿನವರ ಒಳಿತಿಗೆ ಅಂತ ಒಬ್ಬರ ಕೈಯನ್ನು ಬಲವಂತವಾಗಿ ಹಿಡಿಯುವ ಹಕ್ಕು ಮಗಳಿಗೂ ಇಲ್ಲ, ಸಮಿತಿಗೂ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ ಲೆಕ್ಕ ಸರಳ. ಬೇರೆಯವರ ಸಹಿಯಿಂದ ಅಧ್ಯಯನ ಶುರುವಾಗಬಹುದು. ಆ ವ್ಯಕ್ತಿ ಬೇಡ ಅಂದ ಕೂಡಲೇ ನಿಲ್ಲಬೇಕು.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತೇನೂ ಅಲ್ಲ. ನಿಯಮಗಳು ನಿಧಾನವಾಗಿ ಈ ಕಡೆಗೇ ಬಂದಿವೆ. ನಾಜಿ ವೈದ್ಯರ ವಿಚಾರಣೆಯಲ್ಲಿ ರೂಪುಗೊಂಡ 1947ರ ನ್ಯೂರೆಂಬರ್ಗ್ ಸಂಹಿತೆ, ಒಪ್ಪಿಗೆ ಕೊಡುವ ಶಕ್ತಿ ಇದ್ದವರು ಸ್ವಂತ ಇಚ್ಛೆಯಿಂದ ಒಪ್ಪಿದರೆ ಮಾತ್ರ ಅಂದಿತು. ಬೇರೆಯವರ ಸಹಿಗೆ ಅಲ್ಲಿ ಜಾಗವೇ ಇರಲಿಲ್ಲ. ವಿಶ್ವ ವೈದ್ಯಕೀಯ ಸಂಘದ 1964ರ ಹೆಲ್ಸಿಂಕಿ ಘೋಷಣೆ ಪೋಷಕರ ಒಪ್ಪಿಗೆಗೆ ದಾರಿ ಮಾಡಿತು. 2013ರ ಹೊತ್ತಿಗೆ ಅದೇ ಘೋಷಣೆ, ಆ ವ್ಯಕ್ತಿಯ ಅಸಮ್ಮತಿಗೆ ಬೆಲೆ ಕೊಡಬೇಕು ಅಂತಲೂ ಹೇಳುತ್ತಿತ್ತು. ಯುರೋಪಿನ 1997ರ ಓವಿಯೆಡೊ ಒಪ್ಪಂದ, ಬೇರೆ ಎಲ್ಲ ಷರತ್ತುಗಳ ಜೊತೆಗೆ, ಆ ವ್ಯಕ್ತಿ ವಿರೋಧಿಸಬಾರದು ಅನ್ನುವ ಷರತ್ತನ್ನೂ ಇಟ್ಟಿದೆ. ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನದಲ್ಲಿ, ಇಂಥವರು ನಿರಾಕರಿಸಿದರೆ ಸಂಶೋಧಕರು ಅದನ್ನು ಗಣನೆಗೆ ತೆಗೆದುಕೊಂಡರೆ ಸಾಕಿತ್ತು. 2014ರ ಹೊಸ ನಿಯಮ, 2022ರ ಜನವರಿ ಕೊನೆಯಿಂದ ಜಾರಿಗೆ ಬಂದದ್ದು, ಅದನ್ನು ಪಾಲಿಸಲೇಬೇಕು ಅನ್ನುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ, ಒಪ್ಪಿಗೆ ಕೊಡಲಾಗದವರನ್ನು ಸೇರಿಸಿಕೊಳ್ಳಲು ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಆ ದಾರಿಯೂ ಇರುವುದು ಪ್ರತಿರೋಧ ತೋರದವರಿಗೆ ಮಾತ್ರ.

ಆದರೆ ಇವುಗಳಲ್ಲಿ ಒಂದು ದೊಡ್ಡ ತೂತು ಇದೆ. ಯುರೋಪಿಯನ್ ಒಕ್ಕೂಟದ 2014ರ ಆ ನಿಯಮ ರಕ್ಷಣೆ ಕೊಡುವುದು, ಮಾಹಿತಿಯನ್ನು ತೂಗಿ ಒಂದು ಅಭಿಪ್ರಾಯಕ್ಕೆ ಬರಬಲ್ಲವರ ಸ್ಪಷ್ಟ ನಿರಾಕರಣೆಗೆ. ಬಟ್ಟೆ ಎಳೆದುಕೊಂಡು ಮುಖ ತಿರುಗಿಸಿದ ಅಜ್ಜಿ ಅದರ ಹೊರಗೆ ಉಳಿಯುತ್ತಾರೆ. ಯಾರಿಗೆ ರಕ್ಷಣೆ ಜಾಸ್ತಿ ಬೇಕೋ ಅವರಿಗೇ ಸಿಗುವುದಿಲ್ಲ. ತೀರ್ಮಾನಿಸುವ ಶಕ್ತಿ ಕುಂದಿದವರ ಬಗ್ಗೆ ಇರುವ, ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್ ಈ ವಿಷಯದಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆ ವ್ಯಕ್ತಿ ವಿರೋಧಿಸುತ್ತಿರುವ ಹಾಗೆ ಕಂಡರೆ, ಅದು ಬರೀ ಮೈಯಿಂದ ತೋರಿಸಿದ ಪ್ರತಿರೋಧವಾದರೂ, ಸಂಶೋಧನೆಯ ಕೆಲಸ ಮುಂದುವರಿಸುವ ಹಾಗಿಲ್ಲ ಅಂತ ಅದರ 33ನೇ ಸೆಕ್ಷನ್ ಹೇಳುತ್ತದೆ. ಅವರನ್ನು ಅಪಾಯದಿಂದ ಕಾಯಲು, ನೋವು ಕಡಿಮೆ ಮಾಡಲು ಮಾಡುವ ಕೆಲಸಕ್ಕಷ್ಟೇ ವಿನಾಯಿತಿ. ಅಲ್ಲಿ ‘ತೂಗಿ ನೋಡಬಲ್ಲರಾ’ ಅನ್ನುವ ಪರೀಕ್ಷೆ ಇಲ್ಲ. ದುಃಖದ ಸಂಗತಿ ಅಂದರೆ, ಔಷಧಗಳ ಕ್ಲಿನಿಕಲ್ ಪ್ರಯೋಗಗಳು ಆ ಕಾಯ್ದೆಯ ಸಂಶೋಧನಾ ಸೆಕ್ಷನ್‌ಗಳ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ಬೇರೆ ನಿಯಮ.

ಅಮೆರಿಕದಲ್ಲಿ ಇನ್ನೂ ಖಾಲಿ. ಅಲ್ಲಿನ ಕೇಂದ್ರ ನಿಯಮದಲ್ಲಿ ಮಕ್ಕಳಿಗೆ, ಕೈದಿಗಳಿಗೆ, ಗರ್ಭಿಣಿಯರಿಗೆ ಪ್ರತ್ಯೇಕ ಭಾಗಗಳಿವೆ. ತೀರ್ಮಾನಿಸುವ ಶಕ್ತಿ ಕುಂದಿದ ವಯಸ್ಕರಿಗೆ ಇಲ್ಲ. 1978ರಲ್ಲಿ ಒಂದು ರಾಷ್ಟ್ರೀಯ ಆಯೋಗ ಶಿಫಾರಸು ಮಾಡಿತು. 1998ರಲ್ಲಿ ಇನ್ನೊಂದು ಆಯೋಗ ಮತ್ತೆ ಮಾಡಿತು. ಎರಡೂ ನಿಯಮವಾಗಲಿಲ್ಲ. ನಿಯಮ ಬರೆಯುವವರು ಈ ಪತ್ರ ಓದುತ್ತಿದ್ದರೆ ನನ್ನ ಮನವಿ ಇಷ್ಟೇ. ಮೈಯಿಂದ ತೋರಿಸುವ ಪ್ರತಿರೋಧಕ್ಕೂ ಮಾತಿನಷ್ಟೇ ಬೆಲೆ ಕೊಡುವ ಒಂದು ಸೆಕ್ಷನ್ ಎಲ್ಲ ಥರದ ಸಂಶೋಧನೆಗೂ, ಔಷಧ ಪ್ರಯೋಗಕ್ಕೂ ಸೇರಿ, ಅನ್ವಯಿಸುವ ಹಾಗೆ ಬರೆಯಿರಿ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಬೇಡ ಅನ್ನುವುದನ್ನು ಗುರುತಿಸುವುದು ಸುಲಭವಲ್ಲ, ನನಗೆ ಗೊತ್ತು. ಸಂಶೋಧಕರು ಸಭೆಯಲ್ಲಿ ಕೇಳುವ ಪ್ರಶ್ನೆಗಳು ನ್ಯಾಯವಾದವು. ಒಬ್ಬರು ಸ್ನಾನಕ್ಕೂ ಬೇಡ ಅನ್ನುತ್ತಾರೆ, ಊಟಕ್ಕೂ ಬೇಡ ಅನ್ನುತ್ತಾರೆ, ಹತ್ತು ನಿಮಿಷ ಬಿಟ್ಟು ಕೇಳಿದರೆ ನಗುತ್ತಾ ಬರುತ್ತಾರೆ. ಅವರ ಮೊದಲ ‘ಬೇಡ’ಕ್ಕೇ ಹೆಸರು ತೆಗೆದುಹಾಕಬೇಕಾ? ಬೇಡ. ಆ ಹೊತ್ತಿನ ಕೆಲಸ ನಿಲ್ಲಿಸಿ, ಇನ್ನೊಂದು ದಿನ, ಅವರಿಗೆ ಹಿತವಾದ ಹೊತ್ತಿನಲ್ಲಿ, ಅವರಿಗೆ ಪರಿಚಯವಿರುವವರು ಕೇಳಲಿ. ಆಗಲೂ ಹಾಗೇ ಮಾಡಿದರೆ ಅವರು ಅಧ್ಯಯನದಿಂದ ಹೊರಗೆ. ಎಷ್ಟು ಸಲ ಕೇಳಬಹುದು ಅನ್ನುವುದನ್ನು ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಕೇಳುವುದು ಪೀಡಿಸುವುದಾಗುತ್ತದೆ.

ಇದಕ್ಕಿಂತ ಕಷ್ಟದವರು ಇನ್ನೊಬ್ಬರು. ಏನು ಮಾಡಿದರೂ ಸುಮ್ಮನೆ ಇರುವವರು. ವರ್ಷಗಟ್ಟಲೆ ಸಂಸ್ಥೆಗಳಲ್ಲಿ ಬೆಳೆದವರಿಗೆ ಎದುರು ಹೇಳಿದರೆ ಏನಾಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಹೇಳಿದ ಹಾಗೆ ಕೂರುತ್ತಾರೆ, ಕೈ ಚಾಚುತ್ತಾರೆ, ‘ಹೂಂ’ ಅನ್ನುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವ ಮಾತನ್ನು ಇಲ್ಲಿ ತರಲೇಬಾರದು. ಇವರ ವಿಷಯದಲ್ಲಿ ನೋಡಬೇಕಾದ್ದು ಬೇರೆ. ಅಧ್ಯಯನದ ದಿನ ನಿದ್ದೆ ಕೆಟ್ಟಿದೆಯಾ? ಆ ಕೋಣೆಯ ಬಾಗಿಲ ಹತ್ತಿರ ಹೆಜ್ಜೆ ನಿಧಾನವಾಗುತ್ತದಾ? ಉಸಿರು, ಬೆವರು, ಮುಷ್ಟಿ? ದಿನಾ ಜೊತೆಗಿರುವವರಿಗೆ ಇದು ತಿಳಿಯುತ್ತದೆ. ವಾರಕ್ಕೊಮ್ಮೆ ಬರುವ ಸಂಶೋಧಕರಿಗೆ ತಿಳಿಯುವುದಿಲ್ಲ. ಅದಕ್ಕೇ ಆ ಪುಟವನ್ನು ಆರೈಕೆ ಮಾಡುವವರ ಜೊತೆ ಕೂತು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಬೇಕು ಅನ್ನುತ್ತೇನೆ. ಇವರು ಸಂತೋಷವಾಗಿದ್ದರೆ ಹೇಗಿರುತ್ತಾರೆ, ಬೇಸರವಾದರೆ ಏನು ಮಾಡುತ್ತಾರೆ, ನೋವಾದರೆ ಎಲ್ಲಿ ಕೈ ಇಡುತ್ತಾರೆ. ಸೇರಿಸಿಕೊಳ್ಳುವ ದಿನವೇ ಇದನ್ನು ಕೇಳಿ ಬರೆದುಕೊಳ್ಳಲು ಅರ್ಧ ಗಂಟೆ ಸಾಕು.

ಗುರುತಿಸುವವರು ಯಾರು ಅನ್ನುವುದು ಅಷ್ಟೇ ಮುಖ್ಯ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 2003ರ ಕೊನೆಯಲ್ಲಿ ತೀವ್ರ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಇದ್ದ ಒಬ್ಬ ಯುವಕನನ್ನು ಔಷಧ ಅಧ್ಯಯನಕ್ಕೆ ಸೇರಿಸಿಕೊಂಡರು. ಫಾರ್ಮಿಗೆ ಅವನೇ ಸಹಿ ಹಾಕಿದ್ದ. ಆದರೆ ಆಗ ಅವನ ಮೇಲೆ ಕೋರ್ಟ್ ಆದೇಶವಿತ್ತು. ಚಿಕಿತ್ಸೆ ಕೊಡುವ ತಂಡ ಹೇಳಿದ ಹಾಗೆ ಕೇಳದಿದ್ದರೆ ಬಲವಂತವಾಗಿ ಆಸ್ಪತ್ರೆಗೆ ಸೇರಬೇಕಾಗುತ್ತಿತ್ತು. ಚಿಕಿತ್ಸೆ ಕೊಡುತ್ತಿದ್ದ ವೈದ್ಯರೇ ಅಧ್ಯಯನದ ಸಂಶೋಧಕರೂ ಆಗಿದ್ದರು. ಮಗನ ಸ್ಥಿತಿ ಹದಗೆಡುತ್ತಿದೆ, ಅಧ್ಯಯನದಿಂದ ಬಿಡಿಸಿ ಅಂತ ತಾಯಿ ಮತ್ತೆ ಮತ್ತೆ ಹೇಳಿದರು. 2004ರ ಮೇ ತಿಂಗಳಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. 2009ರಲ್ಲಿ ಆ ರಾಜ್ಯ, ಅಂಥ ಕೋರ್ಟ್ ಆದೇಶದ ಅಡಿಯಲ್ಲಿ ಇರುವವರನ್ನು ಮನೋರೋಗದ ಔಷಧ ಪ್ರಯೋಗಕ್ಕೆ ಸಾಮಾನ್ಯವಾಗಿ ಸೇರಿಸಿಕೊಳ್ಳದಂತೆ ಕಾನೂನು ಮಾಡಿತು. 2015ರಲ್ಲಿ ರಾಜ್ಯದ ಶಾಸಕಾಂಗದ ಲೆಕ್ಕಪರಿಶೋಧಕರ ವರದಿ ಈ ಪ್ರಕರಣದ ನೈತಿಕ ಲೋಪಗಳನ್ನೂ ಹಿತಾಸಕ್ತಿಗಳ ತಿಕ್ಕಾಟವನ್ನೂ ಎತ್ತಿ ತೋರಿಸಿತು. ವಿಶ್ವವಿದ್ಯಾಲಯ ಮನೋವೈದ್ಯ ವಿಭಾಗದ ಔಷಧ ಅಧ್ಯಯನಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಆ ತಾಯಿಯ ಮಾತನ್ನು ಕೇಳಿಸಿಕೊಳ್ಳಲು ಅಧ್ಯಯನದ ತಂಡಕ್ಕೆ ಸೇರದ ಒಬ್ಬರು, ನಿಲ್ಲಿಸುವ ಅಧಿಕಾರ ಇರುವ ಒಬ್ಬರು, ಆಗ ಇದ್ದಿದ್ದರೆ? ಪ್ರತಿ ಅಧ್ಯಯನಕ್ಕೂ ಅಂಥ ಒಬ್ಬ ವ್ಯಕ್ತಿ ಬೇಕು. ಅವರ ಸಂಬಳ ಅಧ್ಯಯನದ ದುಡ್ಡಿನಿಂದ ಬರಬಾರದು. ಅವರ ಫೋನ್ ನಂಬರ್ ಮನೆಯವರ ಕೈಯಲ್ಲಿ ಇರಬೇಕು.

ತುರ್ತು ಸಂದರ್ಭದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಜ್ಞೆ ಇಲ್ಲದವರನ್ನು ಕೇಳಲು ಆಗುವುದಿಲ್ಲ, ಕಾಯಲೂ ಆಗುವುದಿಲ್ಲ. ಆದರೆ ಎಚ್ಚರವಾದ ಮೇಲೆ ಹೇಳಲೇಬೇಕು. ಆಗ ಅವರು ಬೇಡ ಅಂದರೆ ಅಲ್ಲಿಯವರೆಗಿನ ಮಾಹಿತಿ ಏನಾಗುತ್ತದೆ ಅನ್ನುವುದನ್ನು ಅವರು ಕೇಳುವ ಮೊದಲೇ ನಾವು ತೀರ್ಮಾನಿಸಿರಬೇಕು.

ಮುಂಚಿತವಾಗಿ ಕೇಳಿಡುವುದು ಇನ್ನೊಂದು ದಾರಿ. ಡಿಮೆನ್ಷಿಯಾ ಶುರುವಿನಲ್ಲಿರುವಾಗಲೇ ಕೇಳಬಹುದು. ಮುಂದೆ ನಿಮಗೆ ಹೇಳಲು ಆಗದೇ ಹೋದಾಗ ಸಂಶೋಧನೆಗೆ ಸೇರಿಸಿಕೊಳ್ಳಬಹುದಾ, ಯಾವ ಥರದ್ದು ಸರಿ, ಯಾವುದು ಬೇಡ, ನಿಮ್ಮ ಪರವಾಗಿ ಯಾರು ಮಾತಾಡಲಿ? ಪ್ರಯೋಗದ ವಿವರ ಅರ್ಥ ಮಾಡಿಕೊಳ್ಳಲು ಆಗದವರಲ್ಲೂ ಎಷ್ಟೋ ಜನ, ತಮ್ಮ ಪರವಾಗಿ ಯಾರು ತೀರ್ಮಾನ ಮಾಡಲಿ ಅಂತ ಹೇಳಬಲ್ಲರು. 2011ರಲ್ಲಿ ಪ್ರಕಟವಾದ, ಆಲ್ಝೈಮರ್ ಇರುವವರ ಮೇಲಿನ ಅಧ್ಯಯನ ಇದನ್ನು ತೋರಿಸಿದೆ. ಆದ್ದರಿಂದ ಪ್ರತಿನಿಧಿಯನ್ನು ಸಂಬಂಧದ ಪಟ್ಟಿ ನೋಡಿ ಆರಿಸುವ ಮೊದಲು ಅವರನ್ನೇ ಕೇಳಿ. ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಹಿಂದೆ ಬರೆದಿಟ್ಟ ‘ಬೇಡ’ ಇವತ್ತು ಸುಮ್ಮನಿರುವವರನ್ನೂ ಕಾಯಬೇಕು. ಹಿಂದೆ ಬರೆದಿಟ್ಟ ‘ಆಗಲಿ’ ಇವತ್ತಿನ ‘ಬೇಡ’ವನ್ನು ಮೀರಬಾರದು.

ಹೀಗೆ ಮಾಡಿದರೆ ಅರ್ಧ ಜನ ಬಿಟ್ಟುಹೋಗುತ್ತಾರೆ, ಲೆಕ್ಕ ತಪ್ಪುತ್ತದೆ ಅಂತ ಹೇಳುವವರಿದ್ದಾರೆ. ಯಾವ ಅಧ್ಯಯನದಲ್ಲಿ ಜನ ಬಿಟ್ಟುಹೋಗುವುದಿಲ್ಲ? ಒಪ್ಪಿಗೆ ಕೊಡಬಲ್ಲವರ ಅಧ್ಯಯನಗಳಲ್ಲಿ ಅದಕ್ಕೆ ಮೊದಲೇ ಲೆಕ್ಕ ಹಾಕಿ ಹೆಚ್ಚು ಜನರನ್ನು ಸೇರಿಸಿಕೊಳ್ಳುತ್ತೀರಿ. ಇಲ್ಲೂ ಹಾಗೇ ಮಾಡಿ. ನಿಜವಾಗಿ ಅರ್ಧದಷ್ಟು ಜನ ಬೇಡ ಅಂದರೆ, ನೀವು ಮಾಡುತ್ತಿರುವ ಪರೀಕ್ಷೆ ಅವರಿಗೆ ತುಂಬಾ ಹಿಂಸೆ ಕೊಡುತ್ತಿದೆ ಅಂತ. ಅದೂ ಒಂದು ಫಲಿತಾಂಶವೇ ಅಲ್ವಾ? ಅದನ್ನು ಪ್ರಕಟಿಸಬೇಕು.

ಸಮಿತಿಯ ಗೆಳೆಯರಿಗೆ ಇನ್ನೊಂದು ಮಾತು. ಈ ಅರ್ಜಿಗಳನ್ನು ನೋಡುವಾಗ ಮೇಜಿನ ಸುತ್ತ ಕೂತಿರುವವರು ಯಾರು ಅಂತ ಒಮ್ಮೆ ನೋಡಿ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಅಂಗವೈಕಲ್ಯ ಇರುವವರ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಅಂಗವೈಕಲ್ಯ ಇರುವವರು ಅಥವಾ ಅವರಿಗಾಗಿ ಇರುವ ನೋಂದಾಯಿತ ಸಂಘಟನೆಗಳ ಸದಸ್ಯರು ಇರಬೇಕು ಅನ್ನುತ್ತದೆ. ಸೈಕೋಸಿಸ್ ದಾಟಿ ಬಂದವರು, ಡಿಮೆನ್ಷಿಯಾದ ಆರಂಭದಲ್ಲಿ ಇರುವವರು, ಅಂಥವರನ್ನು ನೋಡಿಕೊಂಡವರು ನಮ್ಮ ಜೊತೆ ಕೂತರೆ ಈ ಪುಟವನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲರು.

ಕೊನೆಯದಾಗಿ ನಾನು ಕೇಳುವುದು ಇಷ್ಟು. ನಿಮ್ಮ ಅರ್ಜಿ ನಮೂನೆಗೆ ಆ ಪುಟ ಸೇರಿಸಿ. ಈಗಾಗಲೇ ನಡೆಯುತ್ತಿರುವ ಅಧ್ಯಯನಗಳಿಂದಲೂ ಮುಂದಿನ ವಾರ್ಷಿಕ ವರದಿಯ ಜೊತೆಗೆ ಅದನ್ನು ಕೇಳಿ. ಮಾಹಿತಿ ತುಂಬುವ ಫಾರ್ಮುಗಳಲ್ಲಿ ‘ಬೇಡ ಅಂದರು’ ಅನ್ನುವ ಒಂದು ಆಯ್ಕೆ ಇಡಿಸಿ, ಹೇಗೆ ಅಂದರು ಅಂತ ಬರೆಯಲು ಪಕ್ಕದಲ್ಲಿ ಒಂದು ಖಾಲಿ ಜಾಗ ಇರಲಿ. ಜರ್ನಲ್‌ಗಳ ಸಂಪಾದಕರು, ಇಂಥ ಅಧ್ಯಯನಗಳ ವರದಿಯಲ್ಲಿ ಎಷ್ಟು ಜನ ಬೇಡ ಅಂದರು, ಅವರಲ್ಲಿ ಎಷ್ಟು ಜನರನ್ನು ಬಿಟ್ಟುಕಳಿಸಿದರು ಅನ್ನುವ ಎರಡು ಸಂಖ್ಯೆ ಇಲ್ಲದೆ ಪ್ರಕಟಿಸಬೇಡಿ.

ಇಂತಿ,
ನಿಮ್ಮಂತೆಯೇ ಒಂದು ಸಮಿತಿಯ ಸದಸ್ಯೆ